ಬೆರಳಿಗೆ ಬೆಲೆ ಕಟ್ಟುವ ಲೆಕ್ಕ

ಮಧ್ಯಾಹ್ನ ಮೂರರಿಂದ ಐದರ ತನಕ ಹೋಟೆಲ್ ಕಾರ್ಮಿಕನಿಗೆ ಸಿಗುವ ಬಿಡುವು ಎಂತಹದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಮಲಗಿದರೆ ಏಳಲಾಗದು, ಮಲಗದಿದ್ದರೆ ರಾತ್ರಿಯ ಪಾಳಿಯಲ್ಲಿ ನಿಲ್ಲಲಾಗದು. ಅಂತಹ ಒಂದು ಹೊತ್ತಿನಲ್ಲಿ, ದೇಹೂ ರೋಡ್ ಸ್ಟೇಶನ್ನಿನ ಬೆಂಚಿನ ಮೇಲೆ, ಕುಂದಾಪುರದ ಕಡೆಯ ಒಬ್ಬ ಹುಡುಗ ತನ್ನ ಬಲಗೈಯನ್ನು ನಮ್ಮ ಮುಂದೆ ಚಾಚಿದ. ತೋರುಬೆರಳು ಬುಡದಿಂದಲೇ ಇರಲಿಲ್ಲ. ಗಾಯ ಮಾಗಿತ್ತು. ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಅದರಲ್ಲಿ ಅವನಿಗೆ ಅರ್ಥವಾದದ್ದು ಒಂದೇ: 14.

“ಹದಿನಾಲ್ಕು ಅಂದ್ರೆ ಎಂತ ಅಣ್ಣ? ಹದಿನಾಲ್ಕು ಸಾವಿರವಾ?” ಎಂದು ಕೇಳಿದ.

ಹದಿನಾಲ್ಕು ಸಾವಿರವಲ್ಲ, ನೂರಕ್ಕೆ ಹದಿನಾಲ್ಕು. ಅವನ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ ಹದಿನಾಲ್ಕು ಪಾಲು ಹೋಗಿದೆ, ಎಂಬತ್ತಾರು ಪಾಲು ಉಳಿದಿದೆ ಎಂದು ಇ.ಎಸ್.ಐ.ಯ ವೈದ್ಯಕೀಯ ಮಂಡಳಿ ತೀರ್ಮಾನಿಸಿತ್ತು. ಇದನ್ನು ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಲೋನಾವಳದ ಲೋಕಲು ಬಂದು ಹೋಯಿತು. ಆ ದಿನದಿಂದ ಈ ಲೆಕ್ಕವನ್ನು ನಮ್ಮ ಪತ್ರಿಕೆಯಲ್ಲಿ ಒಮ್ಮೆ ಸರಿಯಾಗಿ ಬರೆಯಬೇಕೆಂದು ನಾವು ಅಂದುಕೊಂಡಿದ್ದೆವು.

ಈ ಹುಡುಗನ ಕೆಲಸವೇನು? ಸಂಜೆ ಅಕ್ಕಿ ಉದ್ದು ರುಬ್ಬುವುದು, ಬೆಳಗಿನ ಐದಕ್ಕೆ ಎದ್ದು ಚಟ್ನಿ ರುಬ್ಬುವುದು, ಆರೂವರೆಯಿಂದ ದೋಸೆ ಕಾವಲಿಯ ಮುಂದೆ ನಿಲ್ಲುವುದು. ಹಳೆಯ ಮುಂಬಯಿ-ಪುಣೆ ರಸ್ತೆಯ ಹೋಟೆಲುಗಳಲ್ಲಿ ಬೆಳಗಿನ ಏಳರಿಂದ ಒಂಬತ್ತರ ನೂಕುನುಗ್ಗಲು ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಚಟ್ನಿ ಮುಗಿಯಿತು, ಗಿರಾಕಿ ಕೂಗಿದ, ಗಲ್ಲಾದಿಂದ ಮ್ಯಾನೇಜರು ಕೂಗಿದರು. ಗ್ರೈಂಡರಿನ ಮೇಲಿನ ಕಾಪು ಎಂದೋ ಕಳಚಿ ಮೂಲೆ ಸೇರಿತ್ತು. ಓಡುತ್ತಿರುವ ಕಲ್ಲಿನೊಳಕ್ಕೆ ಕಾಯಿತುರಿ ಒತ್ತುವಾಗ ಬೆರಳು ಸಿಕ್ಕಿತು. ಹೋಟೆಲಿನ ಹೆಸರು ಇಲ್ಲಿ ಬೇಡ. ಒಂದು ಹೋಟೆಲಿನ ಹೆಸರು ಬರೆದರೆ ಉಳಿದ ಹೋಟೆಲಿನವರು ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ನಿಶ್ಚಿಂತರಾಗುತ್ತಾರೆ.

ಈಗ ಹಣದ ಲೆಕ್ಕ ನೋಡೋಣ. ಕೆಲಸದಲ್ಲಿ ಪೆಟ್ಟಾದರೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ನೂರಕ್ಕೆ 90 ಪಾಲು ನಗದು ಸಿಗಬೇಕು. ಇದಕ್ಕೆ ಇಷ್ಟು ದಿನ ವಂತಿಗೆ ತುಂಬಿರಬೇಕೆಂಬ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೈ ಸಿಕ್ಕಿದರೂ ಹಕ್ಕು ಹಕ್ಕೇ. ಗಾಯ ಮಾಗಿದ ಮೇಲೂ ಊನ ಉಳಿದರೆ, ಎಷ್ಟು ಪಾಲು ಊನವೆಂದು ಮಂಡಳಿ ಹೇಳುತ್ತದೆ. ಆ 90ರಲ್ಲಿ ಅಷ್ಟು ಪಾಲು ಜೀವಮಾನವಿಡೀ ಬರುತ್ತದೆ. ಹುಡುಗನಿಗೆ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 18,000 ರೂಪಾಯಿ. ಆದರೆ ಪುಸ್ತಕದಲ್ಲಿದ್ದದ್ದು 13,500. ಪುಸ್ತಕದ ಪ್ರಕಾರ ದಿನಕ್ಕೆ 450, ಅದರ 90 ಪಾಲು 405, ಅದರಲ್ಲಿ 14 ಪಾಲು 56 ರೂಪಾಯಿ 70 ಪೈಸೆ. ಅವನು ಹುಯ್ಯುತ್ತಿದ್ದ ಮಸಾಲೆ ದೋಸೆಗೆ ಅದೇ ಹೋಟೆಲಿನಲ್ಲಿ ಇದಕ್ಕಿಂತ ಹೆಚ್ಚಿನ ದರವಿದೆ. ನಿಜವಾದ ಸಂಬಳವನ್ನೇ ಬರೆದಿದ್ದರೆ ದಿನಕ್ಕೆ 75 ರೂಪಾಯಿ 60 ಪೈಸೆ ಆಗುತ್ತಿತ್ತು. ದಿನಕ್ಕೆ 18 ರೂಪಾಯಿ 90 ಪೈಸೆ, ಇವತ್ತಿಗೆ ಮಾತ್ರವಲ್ಲ, ಅವನು ಮುದುಕನಾಗಿ ಸಾಯುವ ತನಕ, ಒಂದು ಸುಳ್ಳು ಬರಹದಿಂದ ಹೋಯಿತು.

ಆದರೆ ನಮ್ಮ ದೂರು ಅಷ್ಟಕ್ಕೇ ಮುಗಿಯುವುದಿಲ್ಲ. ಹದಿನಾಲ್ಕು ಎಂಬ ಅಂಕಿ ಎಲ್ಲಿಂದ ಬಂತು?

ಅದು ಡಾಕ್ಟರರ ತಲೆಯಿಂದ ಬಂದದ್ದಲ್ಲ. ಕಾಯಿದೆಯ ಕೊನೆಗೆ ಒಂದು ಪಟ್ಟಿಯುಂಟು. ಎರಡು ಕೈ ಹೋದರೆ 100. ಒಂದು ಕೈಯ ನಾಲ್ಕು ಬೆರಳು ಹೋದರೆ 50. ಹೆಬ್ಬೆರಳು 30. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಾದರೆ 9. ನಡುಬೆರಳು ಪೂರ್ತಿ 12. ಉಂಗುರಬೆರಳಾಗಲಿ ಕಿರುಬೆರಳಾಗಲಿ 7. ಮಾಂಸದಂಗಡಿಯ ದರಪಟ್ಟಿಯಂತೆ ಕಂಡೀತು. ಆದರೆ ಮೊದಲು ಓದಿದಾಗ ನಮಗೆ ಬಂದ ಸಿಟ್ಟು ಆಮೇಲೆ ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳುತ್ತೇವೆ. ಪಟ್ಟಿಯೇ ಇಲ್ಲದಿದ್ದರೆ ಏನಾಗುತ್ತಿತ್ತು? ವಶೀಲಿಯಿದ್ದವನ ಕಿರುಬೆರಳಿಗೆ 30, ಇಲ್ಲದವನ ಹೆಬ್ಬೆರಳಿಗೆ 5. ಬಡವನಿಗೆ ಬರೆದಿಟ್ಟ ನಿಯಮವೇ ಎಷ್ಟೋ ಮೇಲು. ಪಟ್ಟಿ ಸುಡಬೇಕೆಂದು ನಾವು ಹೇಳುತ್ತಿಲ್ಲ. ಪಟ್ಟಿ ನೋಡಿದೊಡನೆ ಮನುಷ್ಯನನ್ನು ನೋಡುವುದು ಮುಗಿಯಿತೆಂದು ತಿಳಿಯಬಾರದು, ಇಷ್ಟೇ ನಮ್ಮ ವಾದ.

ಗುಮಾಸ್ತನಿಗೂ ತೋರುಬೆರಳು 14, ಕಾವಲುಗಾರನಿಗೂ 14, ದೋಸೆ ಹುಯ್ಯುವವನಿಗೂ 14. ಸಟ್ಟುಗವನ್ನು ಹಿಡಿಯುವ ಬಗೆ ಬಲ್ಲವರು ಹೇಳಿ: ತೋರುಬೆರಳಿಲ್ಲದೆ ದೋಸೆಯ ಅಂಚು ಎಬ್ಬಿಸಲು ಬರುತ್ತದೆಯೇ? ಅದೂ ಒಂದೇ ಸಮನೆ ಎರಡು ಗಂಟೆ ಕಾಲ, ಕಾವಲಿಯ ಉರಿಯ ಮುಂದೆ? ಹುಡುಗ ಈಗ ಟೇಬಲು ಒರೆಸುತ್ತಾನೆ. ಸಂಬಳ ಮೂರನೆಯ ಎರಡು ಪಾಲಿಗೆ ಇಳಿದಿದೆ. ಎಂದರೆ ಗಳಿಕೆ ನೂರಕ್ಕೆ ಮೂವತ್ಮೂರು ಹೋಯಿತು, ಕಾಗದದಲ್ಲಿ ಹದಿನಾಲ್ಕು.

ಮಂಡಳಿಯ ಮುಂದೆ ಏನು ನಡೆಯಿತೆಂದು ಅವನನ್ನು ಕೇಳಿದೆವು. ಮೂವರು ಡಾಕ್ಟರರು ಕೂತಿದ್ದರಂತೆ. ಕೈ ಮಡಚು ಎಂದರಂತೆ, ಮಡಚಿದ. ಬಿಚ್ಚು ಎಂದರಂತೆ, ಬಿಚ್ಚಿದ. “ಕಾಮ್ ಕ್ಯಾ ಕರ್ತಾ ಹೈ?” ಎಂದು ಕೇಳಿದರಂತೆ.

“ನೀನು ಏನು ಹೇಳಿದೆ?”

“ಹೋಟ್ಲು ಕೆಲ್ಸ ಅಂತ ಹೇಳ್ದೆ ಅಣ್ಣ. ಮತ್ತೆಂತ ಹೇಳೂದು?”

ಬಂಧುಗಳೇ, ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಡಾಕ್ಟರರು ಕೇಳದೆ ಬಿಟ್ಟಿದ್ದರೆ ಅವರನ್ನು ಬೈಯಬಹುದಿತ್ತು. ಕೇಳಿದ್ದರು. ಉತ್ತರ ಕೊಡಬೇಕಾದವನಿಗೆ ಮಾತು ಬರಲಿಲ್ಲ. ಹೋಟೆಲ್ ಕೆಲಸವೆಂದರೆ ಗಲ್ಲಾದ ಮೇಲೆ ಕೂತವನದೂ ಹೋಟೆಲ್ ಕೆಲಸವೇ, ಮೋರಿಯಲ್ಲಿ ಪಾತ್ರೆ ತಿಕ್ಕುವವನದೂ ಹೋಟೆಲ್ ಕೆಲಸವೇ. ನಾವು ನಮ್ಮ ನಮ್ಮೊಳಗೆ ಎಷ್ಟು ಸೂಕ್ಷ್ಮವಾಗಿ ಭೇದ ಮಾಡುತ್ತೇವೆ! ದೋಸೆಯವ ಬೇರೆ, ಸಾಂಬಾರಿನವ ಬೇರೆ, ಕಾಫಿಯವ ಬೇರೆ, ಮಾಣಿ ಬೇರೆ, ಕ್ಲೀನರ್ ಬೇರೆ. ದೋಸೆಯವನು ಒಂದು ದಿನ ಪಾತ್ರೆ ತಿಕ್ಕಲು ಹೇಳಿದರೆ ಗಂಟು ಕಟ್ಟಿ ಹೊರಡುತ್ತಾನೆ. ಆದರೆ ಬೆರಳಿನ ಬೆಲೆ ಕಟ್ಟುವವರ ಮುಂದೆ ನಿಂತಾಗ ಈ ಭೇದವೆಲ್ಲ ಮರೆತು “ಹೋಟ್ಲು ಕೆಲ್ಸ” ಎಂದುಬಿಡುತ್ತೇವೆ. ಹಿಂದಿ ಅರೆಬರೆ, ಮರಾಠಿ ಗಿರಾಕಿಯ ಜೊತೆ ಆಡುವಷ್ಟು ಮಾತ್ರ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ ಎಂದು ಈ ಹುಡುಗನಿಗೆ ಯಾರೂ ಹೇಳಿರಲಿಲ್ಲ. ನಮ್ಮ ಸಂಘವೂ ಹೇಳಿರಲಿಲ್ಲ. ಆ ತಪ್ಪು ನಮ್ಮದು.

ಕೆಲಸ ಯಾವುದೆಂದು ನೋಡಿಯೇ ನಷ್ಟ ಅಳೆಯಬೇಕೆಂಬುದು ನಮ್ಮ ಹೊಸ ಕಲ್ಪನೆಯಲ್ಲ. ಒಡಿಶಾದಲ್ಲಿ ಒಬ್ಬ ಬಡಗಿ 1968ರಲ್ಲಿ ಒಂದು ಸಿನೆಮಾ ಹಾಲಿನ ಕೆಲಸ ಮಾಡುವಾಗ ಬಿದ್ದ. ಎಡಗೈಯನ್ನು ಮೊಳಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಅದು ನೂರಕ್ಕೆ ನೂರಲ್ಲ, ಅದಕ್ಕಿಂತ ಕಡಿಮೆ. ಮಾಲೀಕ ಸುಪ್ರೀಂ ಕೋರ್ಟಿನ ತನಕ ಹೋದ. 1975ರ ಡಿಸೆಂಬರಿನಲ್ಲಿ ನಾಲ್ವರು ನ್ಯಾಯಾಧೀಶರು ಹೇಳಿದ್ದೇನೆಂದರೆ, ಒಂದು ಕೈಯಿಂದ ಬಡಗಿತನ ನಡೆಯದು, ಆದ್ದರಿಂದ ಈ ಬಡಗಿಯ ನಷ್ಟ ಪೂರ್ತಿ ನಷ್ಟ. ಅದು 1923ರ ಪರಿಹಾರ ಕಾಯಿದೆಯ ಕೆಳಗೆ ನಡೆದ ಮೊಕದ್ದಮೆ, ಇ.ಎಸ್.ಐ.ದಲ್ಲ. ಆದರೆ ಪೂರ್ತಿ ಊನ ಎಂದರೇನೆಂಬುದಕ್ಕೆ ಎರಡೂ ಕಾಯಿದೆಗಳು ಕೊಟ್ಟ ಅರ್ಥ ಒಂದೇ: ಅಪಘಾತದ ಹೊತ್ತಿಗೆ ಮನುಷ್ಯ ಏನೇನು ಕೆಲಸ ಮಾಡಬಲ್ಲವನಾಗಿದ್ದನೋ ಅದನ್ನು ಈಗ ಮಾಡಲಾರನೇ ಎಂಬುದು. 2010ರಲ್ಲಿ ಮೋಟಾರು ಅಪಘಾತದ ಒಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೂ ಬಿಡಿಸಿ ಹೇಳಿತು. ದೇಹದ ಊನ ಎಷ್ಟು ಪಾಲು ಎಂಬುದು ಒಂದು ಪ್ರಶ್ನೆ, ಗಳಿಕೆ ಎಷ್ಟು ಪಾಲು ಹೋಯಿತೆಂಬುದು ಬೇರೆಯೇ ಪ್ರಶ್ನೆ. ಕೈ ಕಳೆದುಕೊಂಡ ಗುಮಾಸ್ತನಿಗೆ ಕೆಲಸ ಉಳಿಯಬಹುದು, ಡ್ರೈವರನಿಗೋ ಬಡಗಿಗೋ ಉಳಿಯದು. ಎಲ್ಲ ಮೊಕದ್ದಮೆಗಳೂ ಕಾರ್ಮಿಕನ ಪರವಾಗಿಯೇ ಮುಗಿಯುತ್ತವೆಂದು ನಾವು ಭರವಸೆ ಕೊಡಲಾರೆವು. ಆದರೆ ಬಾಗಿಲು ಮುಚ್ಚಿಲ್ಲ. ಮಂಡಳಿಯ ತೀರ್ಮಾನದ ಮೇಲೆ ವೈದ್ಯಕೀಯ ಅಪೀಲು ಮಂಡಳಿಗೆ ಹೋಗಬಹುದು, ವಿಮಾ ನ್ಯಾಯಾಲಯಕ್ಕೂ ಹೋಗಬಹುದು. ಮುದ್ದತ್ತು ಉಂಟು, ಕಾಗದ ಪೆಟ್ಟಿಗೆಯಲ್ಲಿಟ್ಟು ಊರಿಗೆ ಹೋಗಬಾರದು.

ಗಿರಣಿಯ ಬಂಧುಗಳು ಇದು ಹೋಟೆಲಿನವರ ರಗಳೆಯೆಂದು ಪುಟ ತಿರುಗಿಸದಿರಲಿ. ಹತ್ತಿಯ ಧೂಳಿನಿಂದ ಬರುವ ಎದೆಯ ರೋಗ, ಬಿಸಿನೋಸಿಸ್, ಕಸುಬಿನ ರೋಗಗಳ ಪಟ್ಟಿಯಲ್ಲಿದೆ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು, ವಾರ ಕಳೆದಂತೆ ಸ್ವಲ್ಪ ಹಗುರಾಗುವುದು, ವರುಷಗಳು ಕಳೆದಂತೆ ಎಲ್ಲ ದಿನವೂ ಬಿಗಿಯುವುದು, ಇದರ ಗುರುತು. ಕಾರ್ಡಿಂಗಿನಲ್ಲಿಯೋ ಬ್ಲೋ ರೂಮಿನಲ್ಲಿಯೋ ಹದಿನೈದು ವರುಷ ಧೂಳು ಕುಡಿದವನು ಡಾಕ್ಟರರ ಮುಂದೆ “ಗಿರಣಿ ಕೆಲಸ” ಎಂದಷ್ಟೇ ಹೇಳಿದರೆ ಆ ರೋಗ ಬೀಡಿಯ ಲೆಕ್ಕಕ್ಕೋ ದಮ್ಮಿನ ಲೆಕ್ಕಕ್ಕೋ ಹೋಗುತ್ತದೆ. ಯಾವ ಖಾತೆ, ಎಷ್ಟು ವರುಷ ಎಂದು ಹೇಳಬೇಕು. 1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಯಾರು ಯಾವ ಖಾತೆಯಲ್ಲಿದ್ದರೆಂದು ಹೇಳುವ ಕಾಗದವೂ ಎಷ್ಟೋ ಮಂದಿಗೆ ಕೈತಪ್ಪಿತು. ಹಳೆಯ ಪಾಸು, ಪಗಾರದ ಚೀಟಿ, ಏನಿದ್ದರೂ ಎಸೆಯಬೇಡಿ.

ಇನ್ನು ಪೆಟ್ಟಲ್ಲದ ಬರೀ ಕಾಯಿಲೆಯ ಮಾತು. ಇಲ್ಲಿ ನಮ್ಮವರು ಬೀಳುವುದು ಡಾಕ್ಟರರ ಮುಂದೆ ಅಲ್ಲ, ಹಾಜರಿ ಪುಸ್ತಕದ ಮುಂದೆ.

ನಿಯಮ ಹೀಗಿದೆ. ವರುಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ. ಏಪ್ರಿಲಿನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರಿನಿಂದ ಮಾರ್ಚ್ ಇನ್ನೊಂದು. ಮೊದಲನೆಯದರಲ್ಲಿ ತುಂಬಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್ ತನಕ, ಎರಡನೆಯದರ ಫಲ ಜುಲೈಯಿಂದ ಡಿಸೆಂಬರ್ ತನಕ. ಆರು ತಿಂಗಳ ಅವಧಿಯಲ್ಲಿ ಕಡಿಮೆಯೆಂದರೆ 78 ದಿನಗಳ ವಂತಿಗೆ ಇದ್ದರೆ, ಫಲದ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಸರಾಸರಿ ದಿನಗೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ, ವರುಷಕ್ಕೆ 91 ದಿನಗಳ ತನಕ. ಮೊದಲ ಎರಡು ದಿನಕ್ಕೆ ಸಿಗದು. ಹೊಸದಾಗಿ ವಿಮೆಗೆ ಸೇರಿದವನಿಗೆ ಕಾಯಿಲೆಯ ನಗದು ಹಕ್ಕು ಬರುವುದು ಒಂಬತ್ತು ತಿಂಗಳ ನಂತರ, ಔಷಧೋಪಚಾರ ಮಾತ್ರ ಮೊದಲ ದಿನದಿಂದ. ಕ್ಷಯ, ಕುಷ್ಠ, ಕ್ಯಾನ್ಸರಿನಂತಹ 34 ದೀರ್ಘ ರೋಗಗಳಿಗೆ 80 ಪಾಲು, ಎರಡು ವರುಷದ ತನಕ, ಆದರೆ ಅದಕ್ಕೆ ಎರಡು ವರುಷಗಳ ಸತತ ಕೆಲಸ ಬೇಕು.

ಆರು ತಿಂಗಳಲ್ಲಿ 78 ದಿನ ದೊಡ್ಡ ಮಾತೇ? ವಾರದ ರಜೆಯನ್ನೂ ಕಾಣದೆ ದುಡಿಯುವ ನಮಗೆ ಮೂರು ತಿಂಗಳೊಳಗೆ ಆಗಿಹೋಗುತ್ತದೆ. ಆದರೆ ಬಂದ ದಿನಗಳು ಪುಸ್ತಕಕ್ಕೆ ಬರಬೇಕಲ್ಲ!

ನಮ್ಮ ಕಣ್ಣೆದುರಿನ ಒಂದು ಪ್ರಸಂಗ. ಬೈಂದೂರಿನ ಕಡೆಯ ಒಬ್ಬ ಹಿರಿಯರು, ಸಾಂಬಾರು ಪಲ್ಯದ ಕೆಲಸ, ದಿನಕ್ಕೆ 500ರ ಲೆಕ್ಕ, ತಿಂಗಳಿಗೆ 26 ದಿನ. ಪುಸ್ತಕದಲ್ಲಿ ಬರೆದದ್ದು 12 ದಿನ. ಆರು ತಿಂಗಳಿಗೆ 72. ಇದು ಕೈತಪ್ಪಿ ಆದದ್ದೆಂದು ನಂಬಲು ನಾವು ಸಿದ್ಧರಿಲ್ಲ. ಅವರಿಗೆ ಕಾಮಾಲೆಯಾಯಿತು, 45 ದಿನ ಮಲಗಿದರು. ಇ.ಎಸ್.ಐ. ಡಾಕ್ಟರು ಕಾಯಿಲೆಯೆಂದು ಸರ್ಟಿಫಿಕೇಟು ಬರೆದುಕೊಟ್ಟರು, ಕಾಯಿಲೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ, ಕಣ್ಣು ಅರಿಶಿನದಂತಿತ್ತು. ಕಚೇರಿಯಲ್ಲಿ ಲೆಕ್ಕ ತೆಗೆದರು. ಆರು ದಿನ ಕಡಿಮೆ. ಒಂದು ಕಾಸೂ ಇಲ್ಲ. 78 ಇದ್ದಿದ್ದರೆ 43 ದಿನಕ್ಕೆ 350ರಂತೆ 15,050 ರೂಪಾಯಿ ಬರಬೇಕಿತ್ತು. ಧಣಿ ಉಳಿಸಿದ್ದೆಷ್ಟು? ಬರೆಯದ 14 ದಿನಗಳ 7,000ಕ್ಕೆ ಅವರ ಪಾಲು 3.25ರಂತೆ 227 ರೂಪಾಯಿ 50 ಪೈಸೆ, ಆರು ತಿಂಗಳಿಗೆ 1,365. ಹಿರಿಯರು ಸಾಲ ಮಾಡಿ ಮೂವತ್ತನೆಯ ದಿನವೇ ಒಲೆಯ ಮುಂದೆ ನಿಲ್ಲಲು ಹೊರಟರು, ನಾವು ಜಗಳವಾಡಿ ತಡೆದೆವು. ಕಾಮಾಲೆಯವನು ಅಡುಗೆಮನೆಗೆ ಬಂದರೆ ಉಣ್ಣುವ ಗಿರಾಕಿಯ ಗತಿಯೇನು ಎಂಬುದನ್ನಾದರೂ ಧಣಿಗಳು ಯೋಚಿಸಬೇಡವೇ?

ಧಣಿ ವಂತಿಗೆ ತುಂಬಲಿಲ್ಲವೆಂಬ ಕಾರಣಕ್ಕೆ ಕಾರ್ಮಿಕನ ಹಕ್ಕು ಸಾಯಬೇಕಾಗಿಲ್ಲ. ನಿಗಮವು ಕಾರ್ಮಿಕನಿಗೆ ಕೊಟ್ಟು, ಧಣಿಯಿಂದ ವಸೂಲು ಮಾಡುವ ಅಧಿಕಾರ ಕಾಯಿದೆಯಲ್ಲಿಯೇ ಇದೆ. ಆದರೆ ದುಡಿದದ್ದು 26 ದಿನವೆಂದು ತೋರಿಸುವವರು ಯಾರು? ಜೊತೆಯ ಕೆಲಸಗಾರರು ಸಾಕ್ಷಿ ಹೇಳಲು ಹೆದರಿದರು. ಹಿರಿಯರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಹತ್ತು ರೂಪಾಯಿಯ ಒಂದು ಪಾಕೆಟ್ ಪುಸ್ತಕದಲ್ಲಿ ದಿನ ದಿನವೂ ಗೆರೆ ಎಳೆದಿಟ್ಟಿದ್ದರೂ, ತಿಂಗಳಿಗೊಮ್ಮೆ ಮೊಬೈಲಿನಲ್ಲಿ ವಂತಿಗೆಯ ದಿನಗಳನ್ನು ನೋಡಿದ್ದರೂ, ಕಾಯಿಲೆ ಬೀಳುವ ಮೊದಲೇ ಕೂಗು ಹಾಕಬಹುದಿತ್ತು.

ಈಗ ಒಂದು ಕಹಿ ಮಾತು. ಪುಸ್ತಕದಲ್ಲಿ ಹೆಸರು ಬರೆಸಬೇಡಿ, ಆ ಹಣ ಕೈಗೇ ಕೊಡಿ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ ಮಾತ್ರ. 15,000ಕ್ಕೆ 112 ರೂಪಾಯಿ 50 ಪೈಸೆ. ಅಷ್ಟು ಹಣದ ಗುಟ್ಕಾ ತಿಂಗಳಿಗೆ ಉಗಿಯುವವರು ನಮ್ಮ ಖೋಲಿಗಳಲ್ಲಿ ಕಡಿಮೆಯೇ? ಹೋಟೆಲಿನಿಂದ ಹೋಟೆಲಿಗೆ ಹಾರುವಾಗ ಹಳೆಯ ವಿಮಾ ನಂಬರು ಕೊಡದೆ ಹೊಸ ನಂಬರು ಮಾಡಿಸಿಕೊಳ್ಳುವುದು ಇನ್ನೊಂದು ಹುಚ್ಚು. ನಂಬರು ಜೀವಮಾನಕ್ಕೆಲ್ಲ ಒಂದೇ. ಎರಡಾದರೆ ದಿನಗಳು ಎರಡು ಕಡೆ ಹಂಚಿಹೋಗುತ್ತವೆ, 78 ಎಲ್ಲಿಯೂ ತುಂಬುವುದಿಲ್ಲ. ಜ್ವರ ಬಂದೊಡನೆ ಬಸ್ಸು ಹತ್ತಿ ಊರಿಗೆ ಹೋಗಿ, ಗುಣವಾದ ಮೇಲೆ ಪಕ್ಕದ ಖಾಸಗಿ ಡಾಕ್ಟರರ ಚೀಟಿ ತರುವವರಿಗೂ ಇದೇ ಗತಿ. ಮಂಗಳೂರಿನಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ, ಹುಬ್ಬಳ್ಳಿಯಲ್ಲಿದೆ. ಊರಿಗೆ ಹೋಗುವುದೇ ಆದರೆ ಅಲ್ಲಿ ಹೋಗಿ ಬರೆಸಿಕೊಳ್ಳಿ.

ನಮ್ಮದು ಸಣ್ಣ ಹೋಟೆಲು, ಇದಕ್ಕೆಲ್ಲ ಬರುವುದಿಲ್ಲ ಎನ್ನುವ ಧಣಿಗಳಿಗೂ ಒಂದು ಮಾತು. ಹೋಟೆಲಿನ ಅಡುಗೆಮನೆ ಕಾರಖಾನೆಯೇ ಎಂಬ ವಾದವನ್ನು ಜಿ. ಎಲ್. ಹೋಟೆಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1993ರಲ್ಲಿಯೇ ಮುಗಿಸಿತು. 1948ರ ಇ.ಎಸ್.ಐ. ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಮಂದಿ ದುಡಿಯುವ ಕಡೆಯೆಲ್ಲ ವಿಮೆ ಇರಬೇಕು. ಹೊಸ ಸಂಹಿತೆಗಳಲ್ಲಿ ಕಾರ್ಮಿಕನಿಗೆ ಬೇಡವಾದದ್ದೂ ಬಹಳವಿದೆ, ಅದನ್ನು ಬೇರೊಂದು ಸಂಚಿಕೆಯಲ್ಲಿ ಬರೆಯುವೆವು. ಆದರೆ ಪ್ರತಿಯೊಬ್ಬನಿಗೂ ನೇಮಕ ಪತ್ರ ಕೊಡಬೇಕೆಂಬ ನಿಯಮ ನಮ್ಮ ಕೈಗೆ ಬಂದ ಆಯುಧ. ಅದರಲ್ಲಿ “ಹೋಟೆಲ್ ಕಾಮಗಾರ” ಎಂದು ಬರೆಸಿಕೊಳ್ಳಬೇಡಿ. “ದೋಸೆ ಮಾಡುವವನು”, “ಗ್ರೈಂಡರಿನ ಕೆಲಸದವನು” ಎಂದು ಬರೆಸಿ. ಇನ್ನು 2017ರಲ್ಲಿ ಹಾಕಿದ 21,000 ರೂಪಾಯಿ ಸಂಬಳದ ಗೆರೆ. ಅದನ್ನು ದಾಟಿದ ಹಿರಿಯ ಅಡುಗೆಯವರು ವಿಮೆಯ ಹೊರಗೆ ಉಳಿಯುತ್ತಾರೆ, ಅವರಿಗೆ ಪೆಟ್ಟಾದರೆ ಧಣಿಯಿಂದಲೇ ಪರಿಹಾರ ಕೇಳಬೇಕು. ಬೆಲೆಯೇರಿಕೆಯ ಜೊತೆ ಆ ಗೆರೆ ತಾನಾಗಿ ಏರುವಂತೆ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ ಈ ಹೆದ್ದಾರಿ ದಾಟಿ ಖೋಲಿಗೆ ಹೋಗುವವರ ಮಾತೂ ಇಲ್ಲಿ ಸೇರುತ್ತದೆ. ಸೈಕಲ್ಲಿನಲ್ಲಿ ಕಾರಖಾನೆಗೆ ಹೋಗುವಾಗ ಒಂದು ಕಿಲೋಮೀಟರು ದೂರದಲ್ಲಿ ಲಾರಿ ತಾಗಿದ ಒಬ್ಬ ಕಾರ್ಮಿಕನಿಗೆ 1996ರಲ್ಲಿ ಸುಪ್ರೀಂ ಕೋರ್ಟು ಇದು ಕೆಲಸದ ಪೆಟ್ಟಲ್ಲವೆಂದಿತ್ತು. 2010ರಲ್ಲಿ ಕಾಯಿದೆ ತಿದ್ದಿ, ಮನೆಗೂ ಕೆಲಸಕ್ಕೂ ನಡುವಿನ ದಾರಿಯ ಅಪಘಾತವನ್ನೂ ಒಳಗೆ ತಂದರು. ಮಹಾರಾಷ್ಟ್ರದ ಒಂದು ಸಕ್ಕರೆ ಕಾರಖಾನೆಯ ಕಾವಲುಗಾರ 2003ರಲ್ಲಿ ನಸುಕಿನ ಮೂರು ಗಂಟೆಯ ಪಾಳಿಗೆ ಹೊರಟು ದಾರಿಯಲ್ಲಿ ಸತ್ತಿದ್ದ. ಅವನ ಮನೆಯವರಿಗೆ ಪರಿಹಾರ ಸಲ್ಲುತ್ತದೆಂದು ಕೊನೆಯ ಮಾತು ಬಂದದ್ದು 2025ರ ಜುಲೈಯಲ್ಲಿ. ಇಪ್ಪತ್ತೆರಡು ವರುಷ!

ಈ ವಿಮೆಯ ಮೊದಲ ನಕ್ಷೆಯನ್ನು ಪ್ರೊಫೆಸರ್ ಬಿ. ಪಿ. ಆಡಾರ್ಕರರು 1944ರಲ್ಲಿ ಬರೆದುಕೊಟ್ಟಾಗ ವೈಸರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಡಾ. ಅಂಬೇಡಕರರು. 1952ರ ಫೆಬ್ರವರಿ 24ರಂದು ಪಂಡಿತ ನೆಹರೂ ಕಾನಪುರದಲ್ಲಿ ಅದನ್ನು ಆರಂಭಿಸಿದರು. ಅದಾಗಿ ಮೂರು ವರುಷದೊಳಗೆ, 1954ರ ಡಿಸೆಂಬರ್ 25ರಂದು, ಅಂಬೇಡಕರರು ಇದೇ ದೇಹೂ ರೋಡಿಗೆ ಬಂದು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಪ್ರತಿ ವರುಷ ಆ ದಿನ ಜನಸಾಗರ ಸೇರುತ್ತದೆ, ನಮ್ಮ ಹೋಟೆಲುಗಳಿಗೆ ದೊಡ್ಡ ವ್ಯಾಪಾರ. ಚಟ್ನಿಗೆ ಗ್ರೈಂಡರು ನಿಲ್ಲದೆ ಓಡುವ ದಿನವೂ ಅದೇ.

ಹುಡುಗನ ಅಪೀಲಿಗೆ ಕಾಗದ ಸಿದ್ಧವಾಗುತ್ತಿದೆ. ಬೆಳಗಿನ ಐದರಿಂದ ರಾತ್ರಿಯ ತನಕ ಆ ತೋರುಬೆರಳು ಏನೇನು ಮಾಡುತ್ತಿತ್ತೆಂದು ಅವನಿಂದಲೇ ಕನ್ನಡದಲ್ಲಿ ಹೇಳಿಸಿ ಬರೆದುಕೊಂಡೆವು. ಮೂರು ಪುಟವಾಯಿತು. ಅವನಿಗೇ ಆಶ್ಚರ್ಯ. ಚಿಂಚವಾಡದ ಒಬ್ಬ ಮೇಷ್ಟ್ರು ಅದನ್ನು ಮರಾಠಿಗೂ ಇಂಗ್ಲಿಷಿಗೂ ತಿರುಗಿಸಿ ಕೊಡುತ್ತಿದ್ದಾರೆ. ಹಳೆಯ ಸಂಬಳ 18,000 ಎಂಬುದಕ್ಕೆ ಅವನು ಊರಿಗೆ ಹಣ ಕಳಿಸಿದ ಬ್ಯಾಂಕಿನ ಲೆಕ್ಕ ಇಟ್ಟಿದ್ದೇವೆ, ಅದು ಎಷ್ಟು ನಡೆಯುವುದೋ ನೋಡಬೇಕು. ಮಂಡಳಿಯ ಮುಂದೆ ಈ ಸಲ ಅವನ ಜೊತೆ ನಾವು ಇಬ್ಬರು ಹೋಗುತ್ತೇವೆ. ಒಂದು ಸಟ್ಟುಗವನ್ನೂ ಜೊತೆಗೆ ಒಯ್ಯಬೇಕೆಂದು ಅವನ ಹಟ. ಒಯ್ಯಲಿ ಎಂದಿದ್ದೇವೆ.